ಕೂಳೆಯ ಹೊಗೆಯೂ ಬೇಸಾಯಗಾರನ ಮನಸ್ಸೂ

ಕೊಯ್ಲಾದ ಗದ್ದೆಗೆ ಬೆಂಕಿಯಿಡಕೂಡದೆಂದು ಬೋಧಿಸುವ ಕರಪತ್ರಗಳಿಗೆ ಈಚೆಗೆ ಕೊರತೆಯಿಲ್ಲ. ಪಂಚಾಯತಿ ಕಟ್ಟಡದ ಗೋಡೆಯ ಮೇಲೆ ಅವು ಇವೆ. ಸಹಕಾರ ಸಂಘದ ಬಾಗಿಲಿನ ಮೇಲೂ ಇವೆ. ಹೊಗೆಯಿಂದ ಶ್ವಾಸಕೋಶಕ್ಕೆ ಕೇಡು, ಬೆಂಕಿಯಿಂದ ಭೂಮಿಯ ಸಾರಕ್ಕೆ ನಷ್ಟ ಎಂಬ ಎರಡು ಮಾತುಗಳನ್ನು ದಪ್ಪಕ್ಷರಗಳಲ್ಲಿ ಅಚ್ಚುಮಾಡಿರುತ್ತಾರೆ. ಅವನ್ನು ಓದಿದ ಬೇಸಾಯಗಾರನು ನಿಜವೆಂದು ತಲೆಯಾಡಿಸಿ, ಮಾರನೆಯ ಸಂಜೆ ತನ್ನ ಗದ್ದೆಯ ಬದುವಿನ ಮೇಲೆ ನಿಂತು ಕಡ್ಡಿ ಗೀರುವುದುಂಟು. ಇದನ್ನು ಕಂಡ ಅಧಿಕಾರಿಗಳು ಜನರಿಗೆ ತಿಳಿವಳಿಕೆ ಸಾಲದೆಂದು ತೀರ್ಮಾನಿಸಿ ಇನ್ನಷ್ಟು ಕರಪತ್ರಗಳನ್ನು ಅಚ್ಚುಹಾಕಿಸುತ್ತಾರೆ. ನೋವು ಒಂದು ಕಡೆ, ಲೇಪ ಇನ್ನೊಂದು ಕಡೆ. ಕೇಡು ತಿಳಿಯದೆ ಬೆಂಕಿಯಿಡುವವರು ಈಗ ಬಹಳ ಮಂದಿಯಿಲ್ಲ. ತಿಳಿದೂ ಇಡುವವರೇ ಹೆಚ್ಚು. ತಿಳಿದವನ ಕೈಯನ್ನು ಯಾವುದು ತಡೆಯುವುದು, ಯಾವುದು ತಡೆಯಲಾರದು ಎಂಬುದನ್ನು ಗ್ರಾಮಮುಖ್ಯರೂ ಭೂಮಾಲೀಕರೂ ವಿಚಾರಿಸಿ ನೋಡುವುದು ಅವಶ್ಯಕವಾಗಿದೆ.

ಈ ವಿಷಯದಲ್ಲಿ ಹೆಚ್ಚಿನ ಅಪಕೀರ್ತಿಗೆ ಗುರಿಯಾದವರು ಪಂಜಾಬು ಮತ್ತು ಹರಿಯಾಣದ ರೈತರು. ಅವರನ್ನು ದೂಷಿಸುವುದಕ್ಕೆ ಮೊದಲು ಅವರ ಕಷ್ಟವನ್ನು ನೋಡಬೇಕು. ಕುಸಿಯುತ್ತಿದ್ದ ಅಂತರ್ಜಲವನ್ನು ಉಳಿಸುವ ಉದ್ದೇಶದಿಂದ 2009ರಲ್ಲಿ ಆ ಎರಡು ರಾಜ್ಯಗಳೂ ಕಾಯಿದೆಗಳನ್ನು ಮಾಡಿ ಭತ್ತದ ನಾಟಿಯನ್ನು ಜೂನ್ ತಿಂಗಳಿಗೆ ಮುಂದೂಡಿದುವು. ನಾಟಿ ತಡವಾದರೆ ಕೊಯ್ಲೂ ತಡ. ಗೋಧಿಯ ಬಿತ್ತನೆಯ ಹದವಾದರೋ ಯಾರಿಗಾಗಿಯೂ ಕಾಯುವುದಿಲ್ಲ. ಇವೆರಡರ ನಡುವೆ ಉಳಿಯುವ ಅವಧಿಯು ಎರಡು ಮೂರು ವಾರಗಳು ಮಾತ್ರ. ಅಷ್ಟರೊಳಗೆ ಕಂಬೈನ್ ಯಂತ್ರವು ಬಿಟ್ಟುಹೋದ ಕೂಳೆಯನ್ನೂ ಚೆಲ್ಲಾಡಿದ ಹುಲ್ಲನ್ನೂ ತೆಗೆದು ನೆಲವನ್ನು ಅಣಿಮಾಡಬೇಕು. ಅಲ್ಲಿಯ ದನಕರುಗಳಿಗೆ ಗೋಧಿಯ ಹೊಟ್ಟೇ ರೂಢಿಯ ಮೇವು. ಸಿಲಿಕಾಂಶವು ಹೆಚ್ಚಾಗಿರುವ ಭತ್ತದ ಹುಲ್ಲಿಗೆ ಅಲ್ಲಿ ಮರ್ಯಾದೆಯಿಲ್ಲ. ಹೀಗಿರಲು ಒಂದು ಬೆಂಕಿಕಡ್ಡಿಯು ಅರ್ಧ ದಿನದಲ್ಲಿ ಮಾಡಿ ಮುಗಿಸುವ ಕೆಲಸಕ್ಕೆ ಸಾವಿರಾರು ರೂಪಾಯಿಗಳನ್ನೂ ವಾರಗಟ್ಟಲೆ ಕಾಲವನ್ನೂ ಸುರಿಯಿರೆಂದು ಹೇಳುವವನು ಮೊದಲು ತನ್ನ ಮಾತಿಗೆ ಕಿವಿಗೊಡುವವರನ್ನು ಸಂಪಾದಿಸಿಕೊಳ್ಳಬೇಕಾಗುತ್ತದೆ.

ಕರ್ನಾಟಕದ ಸ್ಥಿತಿಯು ಬೇರೆ. ಆದರೂ ಪೂರ್ಣವಾಗಿ ಬೇರೆಯಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಭತ್ತದ ಹುಲ್ಲಿಗಾಗಲಿ ರಾಗಿಯ ಹುಲ್ಲಿಗಾಗಲಿ ಬೆಂಕಿಯಿಟ್ಟವನನ್ನು ಊರವರು ಹುಚ್ಚನೆಂದಾರು. ಬಣವೆಯ ಎತ್ತರವನ್ನು ನೋಡಿ ಮನೆತನದ ಯೋಗ್ಯತೆಯನ್ನು ಅಳೆಯುತ್ತಿದ್ದ ಸೀಮೆ ಅದು. ಅದೇ ಹುಲ್ಲು ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ ಸಿಂಧನೂರುಗಳ ಕಡೆಗೆ ಹೋದರೆ, ಕಂಬೈನಿನ ಹಿಂಬದಿಯಿಂದ ಉದುರಿ ಸಾಲುಬಿದ್ದು ಬೆಂಕಿಗೆ ಆಹುತಿಯಾಗುವುದನ್ನು ಹಲವೆಡೆ ಕಾಣಬಹುದು. ಮಂಡ್ಯ ಬೆಳಗಾವಿ ಬಾಗಲಕೋಟೆಗಳಲ್ಲಿ ಕಬ್ಬಿನ ರವದಿಗೂ ಇದೇ ಗತಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರದವರು ಸಾರಬೇಕಾಯಿತು. ಮೇವಿಗಾಗಿ ಜನರು ಬಾಯಿಬಿಡುವ ಅಂಥ ಕಾಲಗಳು ಈ ನಾಡಿಗೆ ಹೊಸವಲ್ಲ. ಹಾಗಿದ್ದೂ ಒಂದು ಸೀಮೆಯ ಮೇವು ಇನ್ನೊಂದು ಸೀಮೆಯಲ್ಲಿ ಬೂದಿಯಾಗುತ್ತದೆ. ಹುಲ್ಲು ಎರಡು ಕಡೆಯಲ್ಲಿಯೂ ಒಂದೇ. ವ್ಯತ್ಯಾಸವಿರುವುದು ನೋಡುವ ಕಣ್ಣಿನಲ್ಲಿ: ಕೈಯಿಂದ ಕೊಯ್ದು ಹೊರೆಕಟ್ಟಿ ತಂದ ಹುಲ್ಲು ಆಸ್ತಿ, ಯಂತ್ರವು ಉದುರಿಸಿ ಹೋದ ಹುಲ್ಲು ಕಸ. ಕಸವೆಂದು ಒಮ್ಮೆ ಹೆಸರಿಟ್ಟ ಮೇಲೆ ಅದನ್ನು ಸುಡುವುದು ಮನಸ್ಸಿಗೆ ತಪ್ಪಾಗಿ ತೋರುವುದೇ ಇಲ್ಲ.

ಹೊಗೆಯ ವಿಷಯವೂ ಹಾಗೆಯೇ. ಕಾರ್ಖಾನೆಯ ಚಿಮಣಿಯಿಂದ ಬರುವ ಹೊಗೆಯನ್ನು ವಿಷವೆಂದು ಒಪ್ಪುವ ಗೃಹಸ್ಥನು ಹುಲ್ಲಿನ ಹೊಗೆಯನ್ನು ವಿಷವೆಂದರೆ ನಗುತ್ತಾನೆ. ಸೊಳ್ಳೆ ನೊಣಗಳನ್ನು ಓಡಿಸಲು ಸಂಜೆ ಕೊಟ್ಟಿಗೆಯಲ್ಲಿ ಹೊಗೆಹಾಕುವ ಮನೆಯಲ್ಲಿ ಅವನು ಹುಟ್ಟಿದವನು. ತಾಯಿಯು ಹೊಗೆಯ ನಡುವೆಯೇ ಅಡಿಗೆಮಾಡಿ ಅವನನ್ನು ಸಾಕಿದಳು. ಬಾಲ್ಯದಿಂದ ಬಳಕೆಯಾದುದಕ್ಕೆ ಮನುಷ್ಯನು ಭಯಪಡುವುದಿಲ್ಲ. ಆದರೆ ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು 3 ಕಿಲೋ ಸೂಕ್ಷ್ಮಕಣಗಳೂ 60 ಕಿಲೋದಷ್ಟು ಇಂಗಾಲದ ಮೊನಾಕ್ಸೈಡ್ ಎಂಬ ವಿಷಾನಿಲವೂ ಹೊರಬೀಳುವುವೆಂದು ಲೆಕ್ಕಹಾಕಲಾಗಿದೆ. ಕಣಗಳಲ್ಲಿ ಎರಡೂವರೆ ಮೈಕ್ರಾನಿಗಿಂತ ಸಣ್ಣವು ತಲೆಗೂದಲಿನ ದಪ್ಪದ ಇಪ್ಪತ್ತು ಮೂವತ್ತರಲ್ಲೊಂದು ಪಾಲಿನವು. ಮೂಗಿನ ರೋಮಗಳೂ ಗಂಟಲಿನ ಕಫವೂ ಅವನ್ನು ತಡೆಯಲಾರವು. ಅವು ಶ್ವಾಸಕೋಶದ ತುದಿಯವರೆಗೆ ಇಳಿದು ಉಬ್ಬಸಕ್ಕೂ ಹೃದ್ರೋಗಕ್ಕೂ ದಾರಿಮಾಡುತ್ತವೆ. ಮಾರ್ಗಶಿರದ ಸಂಜೆಗಳಲ್ಲಿ ನೆಲದ ಹತ್ತಿರದ ಗಾಳಿಯು ತಣ್ಣಗಾಗಿ ಮೇಲೇಳದೆ ನಿಲ್ಲುವುದರಿಂದ ಹೊಗೆಯು ಊರ ಮೇಲೆಯೇ ಕಂಬಳಿಯಂತೆ ಹರಡಿಕೊಳ್ಳುವುದು. ಹೊಗೆಯ ಮಾತು ಬಂದಾಗಲೆಲ್ಲ ದೆಹಲಿಯ ಹೆಸರನ್ನು ಎತ್ತುವವರು ಇದನ್ನು ಮರೆಯುತ್ತಾರೆ. ಗದ್ದೆಗೆ ಬೆಂಕಿ ಬಿದ್ದ ರಾತ್ರಿ ಮೊದಲು ಕೆಮ್ಮುವುದು ಗದ್ದೆಯ ಪಕ್ಕದ ಮನೆಯ ಮಗು. ಅನೇಕ ವೇಳೆ ಅದು ಬೆಂಕಿಯಿಟ್ಟವನದೇ ಮಗು.

ಇದನ್ನು ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುವುದು: ಊರೆಲ್ಲ ಸುಡುತ್ತಿರುವಾಗ ಒಬ್ಬನ ಎರಡೆಕರೆಯಿಂದ ಏನಾದೀತು? ಕೊಳಕ್ಕೆ ಮನೆಗೊಂದು ಕೊಡ ಹಾಲು ಹೊಯ್ಯಬೇಕೆಂದಾಗ, ಎಲ್ಲರೂ ಹಾಲು ಹೊಯ್ಯುವರೆಂದು ನಂಬಿ ಪ್ರತಿಯೊಬ್ಬನೂ ಕತ್ತಲಲ್ಲಿ ನೀರು ಹೊಯ್ದ ಕಥೆಯನ್ನು ಎಲ್ಲರೂ ಬಲ್ಲರು. ಇಲ್ಲಿ ನಡೆಯುವುದು ಅದರ ತಿರುಗುಮುರುಗು. ಬೇರೆಯವರೆಲ್ಲ ನೀರನ್ನೇ ಹೊಯ್ಯುವರೆಂದು ನಂಬಿದವನು ತಾನೊಬ್ಬನೇ ಹಾಲು ಹೊಯ್ದು ಮೂರ್ಖನೆನಿಸಿಕೊಳ್ಳಲು ಒಪ್ಪುವುದಿಲ್ಲ. ಲೋಭಕ್ಕಿಂತ ಈ ಅವಮಾನದ ಅಂಜಿಕೆಯೇ ಬಲವಾದುದು. ಕೆರೆಯ ಕೆಳಗಿನ ಗದ್ದೆಗಳಲ್ಲಿ ಸರದಿ ತಪ್ಪಿಸಿ ನೀರು ಹಾಯಿಸಿಕೊಳ್ಳಲು ಆಸೆಯಿಲ್ಲದವರು ಯಾರು? ಹಾಗಿದ್ದರೂ ನೀರುಗಂಟಿಯು ನೀರು ಬಿಡುತ್ತಿದ್ದ ಊರುಗಳಲ್ಲಿ ಬಹುಮಂದಿ ಸರದಿಯನ್ನು ಪಾಲಿಸುತ್ತಿದ್ದರು. ಅವರು ಧರ್ಮಾತ್ಮರಾಗಿದ್ದುದರಿಂದ ಹಾಗೆ ನಡೆಯಿತೆಂದಲ್ಲ. ಪಕ್ಕದವನೂ ಪಾಲಿಸುತ್ತಿದ್ದಾನೆಂಬುದು ಕಣ್ಣಿಗೆ ಕಾಣುತ್ತಿತ್ತು, ತಪ್ಪಿದವನ ಹೆಸರು ಸಂಜೆಯೊಳಗೆ ಅರಳಿಕಟ್ಟೆಗೆ ಮುಟ್ಟುತ್ತಿತ್ತು. ಹೊಗೆಯ ವಿಷಯದಲ್ಲಿ ಇಂಥ ನೀರುಗಂಟಿ ಯಾರೂ ಇಲ್ಲ. ಈ ವರ್ಷ ಊರಿನಲ್ಲಿ ಎಷ್ಟು ಮಂದಿ ಸುಡಲಿಲ್ಲವೆಂಬುದು ಯಾರಿಗೂ ಗೊತ್ತಾಗುವುದಿಲ್ಲ. ಸುಟ್ಟವನ ಗದ್ದೆ ಮೈಲಿಯಾಚೆಗೂ ಕಾಣುವುದು. ಸುಡದವನ ಗದ್ದೆಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ.

ನೋಡಿದರೂ ಮೆಚ್ಚುವುದಿಲ್ಲವೆಂಬುದೇ ಇನ್ನೊಂದು ತೊಡಕು. ಕಪ್ಪಾಗಿ ಚೊಕ್ಕಟವಾಗಿರುವ ಗದ್ದೆಯು ಚುರುಕಾದ ಒಕ್ಕಲಿನ ಲಕ್ಷಣವೆಂತಲೂ, ಹುಲ್ಲು ರವದಿಗಳು ಚೆಲ್ಲಿಕೊಂಡಿರುವ ನೆಲವು ಮೈಗಳ್ಳನದೆಂತಲೂ ಊರಿನ ಕಣ್ಣು ತೀರ್ಪುಕೊಡುವುದು. ಬೂದಿಯೇ ಗೊಬ್ಬರವೆಂಬ ಮಾತೊಂದು ಇದಕ್ಕೆ ಬೆಂಬಲ. ಈ ಮಾತನ್ನು ಕೆಲವರು ಬೋಧಕರು ಪೂರ್ತಿ ಸುಳ್ಳೆಂದು ತಳ್ಳಿಹಾಕಿ ತಮ್ಮ ಮರ್ಯಾದೆಯನ್ನು ತಾವೇ ಕಳೆದುಕೊಳ್ಳುತ್ತಾರೆ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು ಐದೂವರೆ ಕಿಲೋ ಸಾರಜನಕ, ಎರಡು ಕಿಲೋಗೆ ಸ್ವಲ್ಪ ಮೇಲ್ಪಟ್ಟು ರಂಜಕಾಂಶ, 25 ಕಿಲೋ ಪೊಟ್ಯಾಷ್, 400 ಕಿಲೋ ಇಂಗಾಲ ಇರುವುವು. ಸುಟ್ಟಾಗ ಪೊಟ್ಯಾಷಿನ ಬಹುಪಾಲು ಬೂದಿಯಲ್ಲಿ ಉಳಿಯುವುದು ನಿಜವೇ. ಹೋಗುವುದು ಸಾರಜನಕದ ಹೆಚ್ಚು ಪಾಲು. ಇಂಗಾಲವಂತೂ ಸಂಪೂರ್ಣವಾಗಿಯೇ ಹೋಗುವುದು, ಎಂದರೆ ನೆಲವನ್ನು ಮೆದುವಾಗಿಟ್ಟು ತೇವವನ್ನು ಹಿಡಿದುಕೊಳ್ಳುವ ಅಂಶವೇ ಹೋಗುವುದು. ಒಕ್ಕಲಿಗನ ಮಾತಿನಲ್ಲಿ ಅರ್ಧ ಸತ್ಯವಿದ್ದರೆ ಆ ಅರ್ಧವನ್ನು ಮೊದಲು ಒಪ್ಪಿಕೊಂಡವನಿಗೆ ಮಾತ್ರ ಉಳಿದರ್ಧವನ್ನು ತಿದ್ದುವ ಅಧಿಕಾರವಿರುವುದು.

ಇದಕ್ಕಿಂತ ಮುಖ್ಯವಾದುದು ಮೊದಲನೆಯ ವರ್ಷದ ಸಂಗತಿ. ಹುಲ್ಲನ್ನು ನೆಲಕ್ಕೆ ಸೇರಿಸಿ ಮೇಲೆಯೇ ನಾಟಿಮಾಡಿದ ಗದ್ದೆಯಲ್ಲಿ ಪೈರು ಕೆಲವು ವಾರ ಹಳದಿಗೆ ತಿರುಗುವುದುಂಟು. ಕಾರಣವು ಸರಳವಾದುದು. ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಅರವತ್ತು ಎಪ್ಪತ್ತು ಪಾಲು ಇಂಗಾಲವಿರುವುದರಿಂದ ಅದನ್ನು ಕೊಳೆಸುವ ಜೀವಾಣುಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಂಡು ಪೈರನ್ನು ಹಸಿವಿನಲ್ಲಿಡುತ್ತವೆ. ನಾಟಿಗೆ ಎರಡು ಮೂರು ವಾರ ಮುಂಚೆ ಹುಲ್ಲನ್ನು ಹೂಳಿ, ಎಕರೆಗೆ ಎಂಟು ಹತ್ತು ಕಿಲೋ ಸಾರಜನಕವನ್ನು, ಎಂದರೆ ಸುಮಾರು 20 ಕಿಲೋ ಯೂರಿಯಾವನ್ನು ಮೊದಲೇ ಕೊಟ್ಟರೆ ಈ ತೊಂದರೆಯು ಬಹುಮಟ್ಟಿಗೆ ತಪ್ಪುವುದು. ಆದರೆ ಇದನ್ನು ಮುಂದಾಗಿ ಹೇಳುವವರು ಕಡಿಮೆ. ಲಾಭವನ್ನು ಮಾತ್ರ ಬಣ್ಣಿಸಿ ಹೋಗುತ್ತಾರೆ. ಮಾತನ್ನು ನಂಬಿದವನ ಪೈರು ಹಳದಿಯಾದ ದಿನ ಪಕ್ಕದ ಗದ್ದೆಯವರು ಬದುವಿನ ಮೇಲೆ ನಿಂತು ನೋಡುತ್ತಾರೆ, ಯಾರಾದರೊಬ್ಬರು ನಗುತ್ತಾರೆ. ಆ ನಗೆಯು ಹತ್ತು ವರ್ಷದ ಪ್ರಚಾರವನ್ನು ಕೊಂದುಹಾಕುವುದು. ಮನುಷ್ಯನಿಗೆ ಹತ್ತು ರೂಪಾಯಿಯ ಲಾಭದಿಂದಾಗುವ ಸಂತೋಷಕ್ಕಿಂತ ಹತ್ತು ರೂಪಾಯಿಯ ನಷ್ಟದಿಂದಾಗುವ ಸಂಕಟವು ದೊಡ್ಡದು. ಎಲ್ಲರೆದುರಿಗೆ ನಷ್ಟವಾದರೆ ಹೇಳತಕ್ಕದ್ದೇ ಇಲ್ಲ. ಆದಕಾರಣ ಹಳದಿಯಾಗಬಹುದೆಂದು ಮೊದಲೇ ಹತ್ತು ಜನರ ಮುಂದೆ ಹೇಳಿಡುವುದು ಯೂರಿಯಾದಷ್ಟೇ ಅವಶ್ಯಕವಾದ ಉಪಚಾರ. ಮಣ್ಣಿನ ಗುಣವು ಕಣ್ಣಿಗೆ ಕಾಣುವಂತೆ ಸುಧಾರಿಸಲು ಕೆಲವು ವರ್ಷಗಳೇ ಬೇಕಾಗುವುವೆಂಬುದನ್ನೂ ಮರೆಮಾಚಕೂಡದು.

ದಂಡದ ಮಾತಿಗೆ ಹೆಚ್ಚು ಜಾಗ ಬೇಕಿಲ್ಲ. ಉತ್ತರ ಭಾರತದಲ್ಲಿ ಗೊತ್ತುಮಾಡಿದ್ದ 2,500, 5,000, 15,000 ರೂಪಾಯಿಗಳ ದಂಡವನ್ನು 2024ರ ನವೆಂಬರಿನಲ್ಲಿ ಇಮ್ಮಡಿಗೊಳಿಸಿದರು. ಅದೇ ಕಾಲದಲ್ಲಿ, ಉಪಗ್ರಹವು ಮೇಲೆ ಹಾದುಹೋಗುವ ಹೊತ್ತನ್ನು ತಪ್ಪಿಸಿ ಇಳಿಹೊತ್ತಿನಲ್ಲಿ ಬೆಂಕಿಯಿಡುವ ಚಮತ್ಕಾರವೂ ಬೆಳೆದುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಇಸ್ರೇಲಿನ ಹೈಫಾ ಪಟ್ಟಣದ ಕೆಲವು ಶಿಶುವಿಹಾರಗಳಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಾಯಿತಂದೆಗಳಿಗೆ ಸಣ್ಣ ದಂಡವನ್ನು ಹಾಕಿ ನೋಡಲು, ತಡವಾಗಿ ಬರುವವರ ಸಂಖ್ಯೆಯು ಸುಮಾರು ಎರಡರಷ್ಟಾಯಿತೆಂದು 2000ದಲ್ಲಿ ಪ್ರಕಟವಾದ ಒಂದು ಪರಿಶೋಧನೆಯಿಂದ ತಿಳಿದುಬರುತ್ತದೆ. ಮೊದಲು ನಾಚಿಕೆಯಿತ್ತು, ಅನಂತರ ಅದು ಕೊಂಡುಕೊಳ್ಳಬಹುದಾದ ಸರಕಾಯಿತು. ದಂಡವೇ ಬೇಡವೆಂದು ಇದರಿಂದ ಸಿದ್ಧವಾಗುವುದಿಲ್ಲ. ನಾಚಿಕೆಯು ಇರುವ ಸ್ಥಳದಲ್ಲಿ ಅದನ್ನು ದುಡ್ಡಿಗೆ ಮಾರಿಬಿಡುವುದು ಮಾತ್ರ ಜಾಣತನವಲ್ಲ. ನಗರದ ಮೋಟಾರುಗಳನ್ನೂ ಕಾರ್ಖಾನೆಗಳನ್ನೂ ಕಟ್ಟಡಗಳ ಧೂಳನ್ನೂ ಬದಿಗಿಟ್ಟು ರೈತನೊಬ್ಬನನ್ನೇ ಅಪರಾಧಿಯೆಂದು ಬೆರಳು ತೋರಿಸಿದರೆ, ಒಳಗೊಳಗೆ ಸುಡುವುದು ತಪ್ಪೆಂದುಕೊಂಡಿದ್ದವನು ಕೂಡ ಹಟಕ್ಕಾದರೂ ಕಡ್ಡಿ ಗೀರುವನು.

ಹಣದ ಸಹಾಯದಲ್ಲಿಯೂ ಮನಸ್ಸಿನ ಪಾತ್ರವೇ ದೊಡ್ಡದೆಂಬುದಕ್ಕೆ ಪಂಜಾಬಿನಲ್ಲಿಯೇ ನಿದರ್ಶನವಿದೆ. 2019ರಲ್ಲಿ ಅರ್ಥಶಾಸ್ತ್ರಜ್ಞರ ಒಂದು ತಂಡದವರು ಅಲ್ಲಿಯ 171 ಗ್ರಾಮಗಳಲ್ಲಿ ಪ್ರಯೋಗ ನಡೆಸಿದರು. ಕೂಳೆ ಸುಡದಿದ್ದವರಿಗೆ ಪರಿಶೀಲನೆಯ ನಂತರ ಪೂರ್ತಿ ಹಣವನ್ನು ಕೊಡುವುದಾಗಿ ಕೆಲವು ಗ್ರಾಮಗಳಲ್ಲಿ ಕರಾರು ಮಾಡಿಕೊಂಡರು. ಬೇರೆ ಕೆಲವು ಗ್ರಾಮಗಳಲ್ಲಿ ಅದೇ ಹಣದ ಒಂದು ಭಾಗವನ್ನು ಮೊದಲೇ, ಯಾವ ಷರತ್ತೂ ಇಲ್ಲದೆ ಕೈಗಿತ್ತು, ಉಳಿದುದನ್ನು ಪರಿಶೀಲನೆಯ ನಂತರ ಕೊಡುವುದೆಂದು ಗೊತ್ತುಮಾಡಿದರು. ಮೊದಲನೆಯ ಕರಾರಿನಿಂದ ಬೆಂಕಿಯೇನೂ ಕಡಿಮೆಯಾಗಲಿಲ್ಲ. ಎರಡನೆಯದರಿಂದ ನೂರಕ್ಕೆ 8ರಿಂದ 12 ಮಂದಿಯಷ್ಟು ಹೆಚ್ಚಾಗಿ ಸುಡುವುದನ್ನು ಬಿಟ್ಟರು. ಲೋಭದ ಲೆಕ್ಕದಿಂದ ನೋಡುವವನಿಗೆ ಇದು ವಿಚಿತ್ರವಾಗಿ ತೋರೀತು. ಮುಂಗಡವನ್ನು ಜೇಬಿಗಿಳಿಸಿ ಬೆಂಕಿಯನ್ನೂ ಇಡಬಹುದಾಗಿತ್ತಲ್ಲವೆ? ಆದರೆ ಸರ್ಕಾರದ ಹಣಕ್ಕಾಗಿ ಮೂರು ಬಾರಿ ತಾಲ್ಲೂಕು ಕಚೇರಿಗೆ ಅಲೆದು ಬರಿಗೈಯಲ್ಲಿ ಹಿಂದಿರುಗಿದವನಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಕೊಡುವವನು ಮೊದಲು ನಂಬಿದರೆ ಪಡೆಯುವವನೂ ನಂಬುತ್ತಾನೆ. ಹುಲ್ಲಿನ ನಡುವೆಯೇ ಗೋಧಿ ಬಿತ್ತುವ ಹ್ಯಾಪಿ ಸೀಡರ್ ಮೊದಲಾದ ಯಂತ್ರಗಳಿಗೆ ಒಬ್ಬೊಬ್ಬ ರೈತನಿಗೆ ನೂರಕ್ಕೆ 50ರಂತೆಯೂ ಸಂಘಗಳಿಗೆ ನೂರಕ್ಕೆ 80ರಂತೆಯೂ ಕೇಂದ್ರ ಸರ್ಕಾರದವರು 2018ರಲ್ಲಿ ಸಹಾಯಧನವನ್ನು ಏರ್ಪಡಿಸಿದರು. ಉತ್ತಮವಾದ ಏರ್ಪಾಡೇ. ಆದರೂ ಬಿತ್ತನೆಯಾದ ಮಾರನೆಯ ವಾರ ಊರು ಮುಟ್ಟುವ ಯಂತ್ರವು ಬರದೇ ಇದ್ದ ಯಂತ್ರಕ್ಕಿಂತ ಹೆಚ್ಚು ಹಾನಿಮಾಡುವುದು, ಏಕೆಂದರೆ ಅದು ಮುಂದಿನ ವರ್ಷದ ನಂಬಿಕೆಯನ್ನೂ ಕೊಂಡೊಯ್ಯುವುದು.

ಭೂಮಾಲೀಕರಿಗೆ ರುಚಿಸದ ಒಂದು ಮಾತೂ ಇಲ್ಲಿ ಉಂಟು. ಅಚ್ಚುಕಟ್ಟಿನ ಪ್ರದೇಶಗಳಲ್ಲಿ ಬಾಯಿಮಾತಿನ ಗುತ್ತಿಗೆಯ ಮೇಲೆ ವರ್ಷವರ್ಷಕ್ಕೆ ಕೈಬದಲಾಗುವ ಗದ್ದೆಗಳು ಬಹಳವಿರುವುವು. ಹುಲ್ಲನ್ನು ಹೂಳುವ ಖರ್ಚು ಈ ವರ್ಷದ ಗುತ್ತಿಗೆದಾರನದು. ಮೂರು ನಾಲ್ಕು ವರ್ಷಗಳಾದ ಮೇಲೆ ಮೆದುವಾಗುವ ಮಣ್ಣು ಮಾಲೀಕನದು. ಮುಂದಿನ ವರ್ಷ ಆ ಗದ್ದೆಯ ಮೇಲೆ ತಾನಿರುವೆನೋ ಇಲ್ಲವೋ ತಿಳಿಯದವನು ಕಡ್ಡಿ ಗೀರಿದರೆ ಅವನ ಅಜ್ಞಾನವನ್ನು ಹಳಿದು ಫಲವೇನು? ಖರ್ಚಿನಲ್ಲಿ ಪಾಲುಗೊಳ್ಳುವುದೋ, ಗುತ್ತಿಗೆಯಲ್ಲಿ ಅಷ್ಟನ್ನು ಬಿಡುವುದೋ, ಹಲವು ವರ್ಷಗಳ ಮಾತು ಕೊಡುವುದೋ ಮಾಲೀಕನ ಕೈಯಲ್ಲಿದೆ. ಪಟ್ಟಣದಲ್ಲಿ ವಾಸಮಾಡುತ್ತ ಸುಗ್ಗಿಗೆ ಮಾತ್ರ ಊರಿಗೆ ಬಂದು ಹೊಗೆಯನ್ನು ಕಂಡು ಮೂಗು ಮುಚ್ಚಿಕೊಳ್ಳುವ ಗೃಹಸ್ಥರಿಗೆ ಇದು ವಿಶೇಷವಾಗಿ ಅನ್ವಯಿಸುವುದು.

ಹೊಗೆಯ ಮೇಲಿನ ಮೋಹವನ್ನು ಬಿಟ್ಟವರ ದೊಡ್ಡ ದೃಷ್ಟಾಂತವು ಲಂಡನ್ ನಗರ. ಮನೆಯ ನಡುವೆ ತೆರೆದ ಅಗ್ಗಿಷ್ಟಿಕೆಯಲ್ಲಿ ಕಲ್ಲಿದ್ದಲು ಉರಿಯುವುದನ್ನು ಕಾಣದಿದ್ದರೆ ಅಲ್ಲಿಯವರಿಗೆ ಅದು ಮನೆಯೆಂದೇ ತೋರುತ್ತಿರಲಿಲ್ಲ. 1952ರ ಡಿಸೆಂಬರ್ 5ರಿಂದ 9ರವರೆಗೆ ಆ ಹೊಗೆಯು ಮಂಜಿನೊಡನೆ ಕೂಡಿ ನಗರದ ಮೇಲೆ ಕವಿದು ನಿಂತಿತು. ನಾಲ್ಕು ಸಾವಿರ ಮಂದಿ ಅದರಿಂದ ಸತ್ತರೆಂದು ಮೊದಲು ಲೆಕ್ಕಹಾಕಿದರು; ಮುಂದೆ ಬಂದ ಲೆಕ್ಕಗಳು ಅದಕ್ಕಿಂತ ಬಹಳ ಹೆಚ್ಚು. 1956ರಲ್ಲಿ ಶುದ್ಧವಾಯು ಕಾಯಿದೆಯಾಯಿತು. ಆ ಕಾಯಿದೆಯಲ್ಲಿ ನೋಡತಕ್ಕ ಅಂಶಗಳು ಎರಡು. ಬಿಡಿಬಿಡಿಯಾದ ಮನೆಗಳನ್ನು ಹಿಡಿಯದೆ ಒಂದೊಂದು ಬಡಾವಣೆಯನ್ನೇ ಹೊಗೆ ನಿಯಂತ್ರಣದ ಪ್ರದೇಶವೆಂದು ಸಾರಿದರು. ಒಲೆ ಬದಲಾಯಿಸುವ ವೆಚ್ಚದಲ್ಲಿ ಹತ್ತರಲ್ಲಿ ಏಳು ಪಾಲನ್ನು ಸಾರ್ವಜನಿಕ ಹಣದಿಂದ ಕೊಡಲು ಏರ್ಪಡಿಸಿದರು. ನೆರೆಮನೆಯವನೂ ಅದೇ ಕಾಲಕ್ಕೆ ಬಿಡುತ್ತಿದ್ದಾನೆಂಬುದು ಪ್ರತಿಯೊಬ್ಬನ ಕಣ್ಣಿಗೂ ಬಿತ್ತು.

ಕರ್ನಾಟಕದ ಗ್ರಾಮಗಳಲ್ಲಿ ಇದೇ ಕ್ರಮವನ್ನು ಒಂದು ಕಾಲುವೆಯ ಒಂದು ತೂಬಿನ ಕೆಳಗೆ ನಡೆಸಿನೋಡಬಹುದು. ಇಡೀ ಹೋಬಳಿಯು ಪ್ರತಿಜ್ಞೆ ಮಾಡಬೇಕಾದುದಿಲ್ಲ. ಒಂದೇ ತೂಬಿನ ಇಪ್ಪತ್ತು ಮೂವತ್ತು ಒಕ್ಕಲುಗಳು ಒಬ್ಬರನ್ನೊಬ್ಬರು ಬಲ್ಲವರು. ಅವರ ಗದ್ದೆಗಳು ಒಂದಕ್ಕೊಂದು ತಾಗಿಕೊಂಡಿರುವುದರಿಂದ ಒಬ್ಬನ ಬೆಂಕಿಯು ಇನ್ನೊಬ್ಬನ ಬಣವೆಗೆ ಹಾರುವ ಭಯವೂ ಹೇಗೂ ಇದ್ದೇ ಇದೆ. ಮುಖ್ಯಸ್ಥನೆನಿಸಿಕೊಂಡವನು ಮೊದಲು ಸುಡದೆ ಬಿಡಬೇಕಾದುದು ತನ್ನ ಹಿತ್ತಲಿನ ಮೂಲೆಯ ಮಡಿಯನ್ನಲ್ಲ, ಸಂತೆಗೆ ಹೋಗುವ ರಸ್ತೆಯ ಪಕ್ಕದ ಗದ್ದೆಯನ್ನು. ಪೈರು ಹಳದಿಯಾದರೆ ಅದು ಅವನದೇ ಆಗಿರಲಿ, ಮತ್ತೆ ಹಸುರಾಗುವುದನ್ನೂ ಊರು ಅಲ್ಲಿಯೇ ನೋಡಲಿ. ಕಬ್ಬಿನ ಸೀಮೆಯಲ್ಲಿಯಾದರೆ ಕೂಳೆ ಬೆಳೆಯ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ರವದಿಯನ್ನು ಹೊದಿಸಿದರೆ ಬೇಸಿಗೆಯಲ್ಲಿ ಎರಡು ಸಾಲುಗಳ ತೇವದ ಅಂತರವನ್ನು ಕಾಲ್ಬೆರಳಿನಿಂದ ಕೆದಕಿಯೇ ತಿಳಿಯಬಹುದು. ಕಳೆಯ ಕೂಲಿಯಲ್ಲಿ ಉಳಿದ ಹಣವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟು ಕೇಳಿದವರಿಗೆ ತೋರಿಸುವುದು ಒಳ್ಳೆಯದು.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಮುಂಗಾರು ಭತ್ತದ ಕೊಯ್ಲು ನವೆಂಬರ್ ಡಿಸೆಂಬರುಗಳಲ್ಲಿ ಬರುವುದು. ಬೇಸಿಗೆಯ ಬೆಳೆಗೆ ನೀರು ದೊರೆತ ವರ್ಷಗಳಲ್ಲಿ ಜನವರಿಯ ಹೊತ್ತಿಗೆ ಮತ್ತೆ ನಾಟಿಯಾಗಬೇಕು. ಈ ನಡುವೆ ಹುಲ್ಲನ್ನು ಪಿಂಡಿಕಟ್ಟುವ ಬೇಲರ್ ಯಂತ್ರವು ಬೇಕಾದವರು ಕೊಯ್ಲಿನ ಯಂತ್ರಕ್ಕೆ ಮುಂಗಡ ಕೊಡುವ ದಿನವೇ ಬೇಲರಿಗೂ ಕೊಟ್ಟು ಸರದಿಯನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ತೂಬಿನ ಒಕ್ಕಲುಗಳೆಲ್ಲ ಒಟ್ಟಾಗಿ ಕೇಳಿದರೆ ಯಂತ್ರದವನು ಒಂದೇ ಬಾರಿಗೆ ಬಂದು ಹೋಗುವನು, ಬಾಡಿಗೆಯನ್ನು ಇಳಿಸಲೂ ಒಪ್ಪಬಹುದು. ಪಿಂಡಿಗಳು ಬೇಕಾದ ಒಣಭೂಮಿಯ ತಾಲ್ಲೂಕುಗಳ ದನಗಾರರು ದೀಪಾವಳಿಗೆ ಮೊದಲೇ ವಿಚಾರಿಸುತ್ತಾರೆ. ಅವರಿಗೆ ಸಿಕ್ಕುವ ಉತ್ತರವು ಗದ್ದೆಯಲ್ಲಿ ಹುಲ್ಲಿದೆಯೆಂದೋ ಬೂದಿಯಿದೆಯೆಂದೋ ಆ ವಾರದಲ್ಲಿಯೇ ನಿಶ್ಚಯವಾಗಿಬಿಟ್ಟಿರುತ್ತದೆ.